ಬೈಬರಿ: ಉಣ್ಣೆ ಹೋಯಿತು, ಊರು ಉಳಿಯಿತು

ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳು ನಮ್ಮ ಬಳಗದವರೆಲ್ಲ ಬೈಬರಿಗೆ ಹೊರಟಿದ್ದೇವೆ. ಅದಕ್ಕೆ ಮೊದಲು ಆ ಊರಿನ ಬಗ್ಗೆ ನಾಲ್ಕು ಮಾತಾಡಿ ಅಂದರು. ಫೋಟೋ ನೀವೆಲ್ಲ ನೋಡಿರುತ್ತೀರಿ. ಜೇನುಬಣ್ಣದ ಕಲ್ಲಿನ ಪುಟ್ಟ ಮನೆಗಳು, ಕಡಿದಾದ ಚಾವಣಿ, ಎದುರಿಗೆ ತಿಳಿನೀರಿನ ಹೊಳೆ. ಇಂಗ್ಲೆಂಡಿನಲ್ಲೇ ಅತಿ ಚೆಂದದ ಹಳ್ಳಿ ಎಂದು 19ನೇ ಶತಮಾನದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹೊಗಳಿದ್ದು ಇದನ್ನೇ. ಆದರೆ ಆ ಮನೆಗಳನ್ನು ಯಾರೂ ಚೆಂದಕ್ಕೆಂದು ಕಟ್ಟಿದ್ದಲ್ಲ.

ಊರು ಇರುವುದು ಗ್ಲೌಸ್ಟರ್‌ಶೈರಿನ ಕಾಟ್ಸ್‌ವೋಲ್ಡ್ ಗುಡ್ಡಗಳ ನಡುವೆ, ಕೋಲ್ನ್ ನದಿಯ ದಂಡೆಯಲ್ಲಿ. ಚಿಕ್ಕ ನದಿ. ಮುಂದೆ ಲೆಚ್‌ಲೇಡ್ ಹತ್ತಿರ ಥೇಮ್ಸ್ ಸೇರುತ್ತದೆ. ಊರು ಮಾತ್ರ ಹಳೆಯದು. 1086ರಲ್ಲಿ ರಾಜ ವಿಲಿಯಂ ಬರೆಸಿದ ಜಮೀನು ಲೆಕ್ಕದಲ್ಲೇ ಇದರ ಹೆಸರಿದೆ. ಸೇಂಟ್ ಮೇರಿ ಚರ್ಚಿನ ಕೆಲವು ಭಾಗ ಅದಕ್ಕೂ ಹಿಂದಿನದು.

ಆಗ ಈ ಸೀಮೆಯ ಸಂಪತ್ತೆಲ್ಲ ಕುರಿಯ ಬೆನ್ನ ಮೇಲಿತ್ತು. ನೀವು ಫೋಟೋ ತೆಗೆಯಲಿರುವ ಆರ್ಲಿಂಗ್ಟನ್ ರೋ ಸುಮಾರು 1380ರಲ್ಲಿ ಮಠದವರು ಕಟ್ಟಿಸಿದ ಉಣ್ಣೆ ಗೋದಾಮು. 17ನೇ ಶತಮಾನದಲ್ಲಿ ಅದನ್ನೇ ವಿಂಗಡಿಸಿ ನೇಕಾರರಿಗೆ ಸಾಲುಮನೆ ಮಾಡಿದರು.

ನೇಕಾರರಿಗೆ ನದಿ ಯಾಕೆ ಬೇಕು? ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಸಡಿಲವಾಗಿರುತ್ತದೆ, ಮೈಯೆಲ್ಲ ಜಿಡ್ಡು. ಅದನ್ನು ನೆನೆಸಿ, ಜಿಡ್ಡು ಹೀರುವ ಒಂದು ಬಗೆಯ ಜೇಡಿಮಣ್ಣು ಹಾಕಿ, ಚೆನ್ನಾಗಿ ಬಡಿಯಬೇಕು. ಬಡಿದಷ್ಟೂ ಎಳೆಗಳು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಮೊದಲು ಇದನ್ನು ಕಾಲಲ್ಲಿ ತುಳಿದು ಮಾಡುತ್ತಿದ್ದರು. ಆಮೇಲೆ ನೀರಿನ ಚಕ್ರ ಬಂತು. ಅದು ತಿರುಗಿದಂತೆ ಮರದ ಕೊಡತಿಗಳು ಎದ್ದು ಬೀಳುತ್ತಿದ್ದವು. ಈ ಕೆಲಸ ನಡೆಯುತ್ತಿದ್ದದ್ದು ಹತ್ತಿರದ ಆರ್ಲಿಂಗ್ಟನ್ ಮಿಲ್ಲಿನಲ್ಲಿ. ಒದ್ದೆ ಬಟ್ಟೆಯನ್ನು ಮನೆಗಳ ಎದುರಿನ ರ್‍ಯಾಕ್ ಐಲ್ ಎಂಬ ಹುಲ್ಲುಗಾವಲಿನಲ್ಲಿ ಮರದ ಚೌಕಟ್ಟುಗಳಿಗೆ ಹಾಕಿ ಒಣಗಿಸುತ್ತಿದ್ದರು. ಆ ಜಾಗ ಈಗ ಹಕ್ಕಿಗಳ ಪಾಲಾಗಿದೆ.

ಮುಂದೆ ಉಗಿಯಂತ್ರ ಬಂತು. ಕಲ್ಲಿದ್ದಲು ಇದ್ದ ಯಾರ್ಕ್‌ಶೈರಿಗೆ ಉಣ್ಣೆ ಕೆಲಸ ಹೋಯಿತು. ಇಲ್ಲಿ ಬಡತನ ಉಳಿಯಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಜಾಸ್ತಿ ದುಡ್ಡಿರಲಿಲ್ಲ. ನಾವು ಇಂದು ಮೆಚ್ಚುವ ಚೆಲುವಿಗೆ ನನ್ನ ಪ್ರಕಾರ ಅರ್ಧ ಕಾರಣ ಇದೇ.

ಈ ಚೆಲುವಿಗೆ ಬೇರೆ ಗಿರಾಕಿಗಳೂ ಹುಟ್ಟಿದರು. ಆರ್ಲಿಂಗ್ಟನ್ ರೋವನ್ನೇ ಕೊಂಡು ಅಮೆರಿಕಕ್ಕೆ ಸಾಗಿಸಲು ಕಾರು ಕಂಪನಿಯ ಹೆನ್ರಿ ಫೋರ್ಡ್ ನೋಡಿದರಂತೆ. ಇದು ಬರೀ ಹರಟೆ ಅಂದುಕೊಳ್ಳಬೇಡಿ. ಹತ್ತಿರದ ಚೆಡ್‌ವರ್ತ್ ಹಳ್ಳಿಯ ಒಂದು ಮನೆಯನ್ನು ಅವರು ನಿಜವಾಗಿಯೂ ಕಲ್ಲು ಕಲ್ಲಾಗಿ ಬಿಚ್ಚಿಸಿ ಮಿಶಿಗನ್‌ಗೆ ಒಯ್ದರು. ಅದು ಇಂದಿಗೂ ಅಲ್ಲಿದೆ. ಆರ್ಲಿಂಗ್ಟನ್ ರೋ ಮಾತ್ರ ಕದಲಲಿಲ್ಲ. ಈಗ ಅದು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಆಸ್ತಿ.

ಕೆಲವು ವರ್ಷಗಳ ಹಿಂದೆ ಅಲ್ಲಿನ ಹಿರಿಯರೊಬ್ಬರು ತಮ್ಮ ಹಳದಿ ಕಾರನ್ನು ಮನೆ ಹತ್ತಿರ ನಿಲ್ಲಿಸುತ್ತಿದ್ದರು. ಫೋಟೋ ಕೆಡುತ್ತದೆ ಎಂದು ಪ್ರವಾಸಿಗರ ಗೊಣಗಾಟ. 2017ರಲ್ಲಿ ಯಾರೋ ಕಾರಿನ ಗಾಜು ಒಡೆದು ಮೈಯೆಲ್ಲ ಗೀರಿದರು. ಆ ಹಿರಿಯರ ಪರವಾಗಿ ದೇಶದ ಎಲ್ಲೆಲ್ಲಿಂದಲೋ ಸುಮಾರು 100 ಹಳದಿ ಕಾರುಗಳು ಸಾಲಾಗಿ ಬೈಬರಿಗೆ ಬಂದವು! ನನಗಂತೂ ಈ ಊರಿನ ಚರಿತ್ರೆಯಲ್ಲಿ ಇದೇ ಇಷ್ಟದ ಪುಟ.

ಒಂದು ವಿನಂತಿ. ಆ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ. ಸುಮ್ನೆ ಕಿಟಕಿಯಲ್ಲಿ ಇಣುಕುವುದು, ಅಂಗಳದಲ್ಲಿ ಬುತ್ತಿ ಬಿಚ್ಚುವುದು ಬೇಡ. ಊರಿನ ದಾರಿ ಇಕ್ಕಟ್ಟು, ದೊಡ್ಡ ಬಸ್ಸುಗಳಿಂದ ಅಲ್ಲಿಯವರಿಗೆ ಸಾಕಾಗಿ ಹೋಗಿದೆ. ಹಾಗಾಗಿ ನಾವು ಸಣ್ಣ ವ್ಯಾನುಗಳಲ್ಲೇ ಹೋಗೋಣ, ಅಲ್ವಾ?