ಹೆಗಲು ಕೊಟ್ಟ ಗುರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ, ಹೊಲಗಳ ನಡುವೆ, ಪಿಲ್ಸೆನ್ ಎಂಬ ಪುಟ್ಟ ಊರಿದೆ. ಅಲ್ಲಿಯ ಕೆಂಪು ಇಟ್ಟಿಗೆಯ ಚರ್ಚಿನ ಬಳಿ 2001ರಲ್ಲಿ ಸ್ಥಾಪನೆಯಾದ ಕಂಚಿನ ಪ್ರತಿಮೆಯಲ್ಲಿ ಇಬ್ಬರಿದ್ದಾರೆ: ಗಾಯಗೊಂಡ ಸೈನಿಕ, ಮತ್ತು ಅವನಿಗೆ ಹೆಗಲು ಕೊಟ್ಟು ನಡೆಸುತ್ತಿರುವ ಪಾದ್ರಿ. ಆ ಪಾದ್ರಿಯೇ ಫಾದರ್ ಎಮಿಲ್ ಕಪಾನ್. 1916ರಲ್ಲಿ ಅದೇ ಊರಿನ ರೈತ ಮನೆತನದಲ್ಲಿ ಹುಟ್ಟಿ, ಸೇನಾ ಧರ್ಮಗುರುವಾಗಿ ಕೊರಿಯಾ ಯುದ್ಧಕ್ಕೆ ಹೋದವರು.

ಈ ಶಿಲ್ಪದ ಭಂಗಿ ಕಲ್ಪನೆಯಿಂದ ಹುಟ್ಟಿದ್ದಲ್ಲ. 1950ರ ನವೆಂಬರ್ 2ರಂದು ಉನ್ಸಾನ್ ಎಂಬಲ್ಲಿ ಚೀನೀ ಪಡೆಗಳು ಅಮೆರಿಕದ ತುಕಡಿಯನ್ನು ಸುತ್ತುವರಿದಾಗ, ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕಪಾನ್ ಗಾಯಾಳುಗಳ ಬಳಿಯೇ ಉಳಿದು ಸೆರೆಯಾದರು. ಕಾಲಿನ ಮೂಳೆ ಮುರಿದು ಹಳ್ಳದಲ್ಲಿ ಬಿದ್ದಿದ್ದ ಸಾರ್ಜೆಂಟ್ ಹರ್ಬರ್ಟ್ ಮಿಲ್ಲರ್ ಅವರ ತಲೆಗೆ ಶತ್ರು ಸೈನಿಕನೊಬ್ಬ ಬಂದೂಕು ಗುರಿಯಿಟ್ಟಿದ್ದ. ಕಪಾನ್ ನೇರವಾಗಿ ನಡೆದುಹೋಗಿ, ಬಂದೂಕನ್ನು ಪಕ್ಕಕ್ಕೆ ತಳ್ಳಿ, ಮಿಲ್ಲರ್ ಅವರನ್ನು ಎತ್ತಿಕೊಂಡರು. ಆ ಸೈನಿಕ ಗುಂಡು ಹಾರಿಸಲಿಲ್ಲ. ಮಿಲ್ಲರ್ ಬದುಕಿ ಮನೆಗೆ ಮರಳಿದರು.

ಪ್ಯೋಕ್‌ತೋಂಗ್ ಸೆರೆಶಿಬಿರದ ಆ ಚಳಿಗಾಲದಲ್ಲಿ ಹಸಿವು ಮತ್ತು ಭೇದಿಯಿಂದ ಕೈದಿಗಳು ದಿನದಿನವೂ ಸಾಯುತ್ತಿದ್ದರು. ಕಪಾನ್ ತಗಡನ್ನು ಕಲ್ಲಿನಿಂದ ಬಡಿದು ಪಾತ್ರೆ ಮಾಡಿ ನೀರು ಕುದಿಸುತ್ತಿದ್ದರು, ಏಳಲಾರದವರ ಮಲಿನವಾದ ಬಟ್ಟೆ ಒಗೆಯುತ್ತಿದ್ದರು, ಕಾವಲಿನವರ ಕಣ್ಣು ತಪ್ಪಿಸಿ ಕಾಳು ಕದ್ದು ತಂದು ಹಂಚುತ್ತಿದ್ದರು. ಕದಿಯಲು ಹೊರಡುವ ಮುನ್ನ, ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಒಳ್ಳೆಯ ಕಳ್ಳ ದಿಸ್ಮಾಸನನ್ನು ಪ್ರಾರ್ಥಿಸುತ್ತಿದ್ದರಂತೆ. ನನಗೆ ಅವರು ಅತ್ಯಂತ ಹತ್ತಿರದವರೆನಿಸುವುದು ಇಲ್ಲಿಯೇ. 1951ರ ಮೇ 23ರಂದು, 35ನೆಯ ವಯಸ್ಸಿನಲ್ಲಿ, ಅವರು ಅಲ್ಲಿಯೇ ತೀರಿಕೊಂಡರು. ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಅವರಿಗೆ ಸಂದದ್ದು 2013ರಲ್ಲಿ. ಅವಶೇಷಗಳ ಗುರುತು ಸಿಕ್ಕಿದ್ದು 2021ರಲ್ಲಿ.

ಪಿಲ್ಸೆನ್‌ನ ಕಂಚಿಗಿಂತ ಬಹಳ ಮೊದಲೇ ಅವರಿಗೊಂದು ಸ್ಮಾರಕ ಸಿದ್ಧವಾಗಿತ್ತೆಂಬುದನ್ನು ಹೇಳದೆ ಈ ಮಾತು ಮುಗಿಯುವಂತಿಲ್ಲ. ಕಪಾನ್ ಅವರನ್ನು ಒಮ್ಮೆಯೂ ಕಾಣದೆ, ಅವರು ತೀರಿದ ಮೇಲೆ ಆ ಶಿಬಿರಕ್ಕೆ ಬಂದ ಯೆಹೂದಿ ವಿಮಾನಚಾಲಕ ಜೆರಾಲ್ಡ್ ಫಿಂಕ್, ಕೈದಿಗಳ ಬಾಯಿಂದ ಅವರ ಕಥೆ ಕೇಳಿ, ಸೌದೆಯ ಕಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೆತ್ತಿ ಶಿಲುಬೆಯ ಮೇಲಿನ ಯೇಸುವಿನ ಪ್ರತಿಮೆಯನ್ನು ಮಾಡಿದರು. 1953ರಲ್ಲಿ ಬಿಡುಗಡೆಯಾದ ಕೈದಿಗಳು ಅದನ್ನು ಹೊತ್ತುಕೊಂಡೇ ಹೊರಬಂದರು. ಅದು ಇಂದು ಕ್ಯಾನ್ಸಸ್‌ನ ವಿಚಿಟಾ ನಗರದಲ್ಲಿ, ಕಪಾನ್ ಹೆಸರನ್ನೇ ಹೊತ್ತ ಪ್ರೌಢಶಾಲೆಯಲ್ಲಿದೆ.

ನಮಸ್ಕಾರ.