ಸುರಂಗ ಆಮೇಲೆ, ಮೊದಲು ಫುಟ್‌ಪಾತ್ ಮಾತಾಡಿ ಸ್ವಾಮಿ!

ನಮಸ್ಕಾರ. ಮೊನ್ನೆ ನಮ್ಮ ಮನೆ ಗೇಟಿಗೆ ಒಂದು ಪಾಂಪ್ಲೆಟ್ ಸಿಕ್ಕಿಸಿ ಹೋಗಿದ್ದಾರೆ. ಕಾರ್ಪೊರೇಟರ್ ಟಿಕೆಟ್ ಆಕಾಂಕ್ಷಿ. ಕೈಮುಗಿದಿರೋ ಫೋಟೊ, ಕೆಳಗೆ ಭರವಸೆಗಳು: ಸುರಂಗ ರಸ್ತೆ, ಮೆಟ್ರೊ ವಿಸ್ತರಣೆ, ಸಿಗ್ನಲ್ ಮುಕ್ತ ವಾರ್ಡ್. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಫುಟ್‌ಪಾತ್ ಅನ್ನೋ ಪದವೇ ಇಲ್ಲ.

ಸ್ವಾಮಿ, ಸುರಂಗ ನಿಮ್ಮ ಕೈಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಆ ಸುಮಾರು 17 ಕಿಲೋಮೀಟರ್ ರಾಜ್ಯ ಸರ್ಕಾರದ ಯೋಜನೆ. ಮೆಟ್ರೊ ಕೇಂದ್ರ, ರಾಜ್ಯ ಎರಡೂ ಸೇರಿ ನಡೆಸೋ ಕಂಪನಿ. 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತಲ್ಲ, ಆಗ ಯಾವ ಕಾರ್ಪೊರೇಟರನ್ನು ಕೇಳಿದ್ರು? ಕೇಳೋಕೆ ಒಬ್ಬರೂ ಇರಲಿಲ್ಲ! ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದುಹೋಗಿತ್ತು. ಬಿಎಂಟಿಸಿ ಬಸ್ಸು ಸಾರಿಗೆ ಇಲಾಖೆಯದ್ದು. ನಿಮ್ಮ ಕೈಗೆ ಬರೋದು ವಾರ್ಡಿನ ಒಳರಸ್ತೆ, ಚರಂಡಿ ಮೇಲಿನ ಚಪ್ಪಡಿ, ಬೀದಿದೀಪ, ಫುಟ್‌ಪಾತ್. ಅದನ್ನ ಮಾತಾಡಿ.

"ಅದು ಸಣ್ಣ ವಿಷಯ ಬಿಡಿ" ಅಂತಾರೆ. ಸಣ್ಣದಾ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಉಚಿತ. ಸಂತೋಷ. ಆದ್ರೆ ಮೊಣಕಾಲು ನೋವಿರೋ ಒಬ್ಬ ಅಜ್ಜಿ ಸ್ಟಾಪಿನವರೆಗೆ ಬರೋದು ಹೇಗೆ? ಒಂದು ಕಡೆ ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಸುತ್ತಿಟ್ಟ ಕೇಬಲ್, ಅದನ್ನ ದಾಟಿದ್ರೆ ಯಾರದ್ದೋ ಮನೆ ಕಾರಿನ ರ‍್ಯಾಂಪು, ಮುಂದೆ ಬಾಯಿ ತೆರೆದಿರೋ ಚರಂಡಿ. ರಸ್ತೆಗಿಳಿದ್ರೆ ಹಿಂದಿಂದ ಟೆಂಪೋ ಹಾರ್ನ್. ಟಿಕೆಟ್ ಉಚಿತ, ದಾರಿಯೇ ಇಲ್ಲ.

ಇನ್ನೊಂದು ವಾದ: "ಫುಟ್‌ಪಾತ್ ಮಾಡಿದ್ರೆ ಬೀದಿ ವ್ಯಾಪಾರಿಗಳು ಬಂದು ಕೂರ್ತಾರೆ." ಕೂರಲಿ! ಅವರಿಗಂತಲೇ 2014ರ ಕಾಯ್ದೆ ಇದೆ, ಜಾಗ ಗುರುತಿಸಿ ಕೊಡಿ. ಸೊಪ್ಪು ಮಾರೋ ಅಮ್ಮನ ಬುಟ್ಟಿ ಕಣ್ಣಿಗೆ ಬೀಳತ್ತೆ, ಫುಟ್‌ಪಾತ್ ಮೇಲೇ ಹಗಲೂ ರಾತ್ರಿ ನಿಂತಿರೋ ಕಾರು ಬೀಳಲ್ವಾ?

"ಪಾರ್ಕಿಂಗ್ ಎಲ್ಲಿ ಮಾಡೋಣ?" ಅಂತ ಕೇಳೋರಿಗೆ ಇವತ್ತು ಉತ್ತರ ಕೊಡಲ್ಲ. ಕಾರು ತಗೊಂಡೋರು ನೀವು, ಜಾಗ ನೀವೇ ನೋಡ್ಕೊಳ್ಳಿ.

ಸುಪ್ರೀಂ ಕೋರ್ಟೇ 2025ರ ಮೇನಲ್ಲಿ ಹೇಳಿದೆ: ಫುಟ್‌ಪಾತ್ ಬಳಸೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ. ಇನ್ನೂ ಯಾರು ಹೇಳ್ಬೇಕು ನಿಮಗೆ?

ಈ ಮಾತು ನಿಮಗೂ ಸರಿ ಅನ್ನಿಸಿದ್ರೆ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿ. ಆ ಗ್ರೂಪಲ್ಲೇ ಅಭ್ಯರ್ಥಿಗಳೂ ಇರ್ತಾರೆ, ನೋಡಲಿ.

ಈಗ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆ ಆಗಿದೆ, ಒಟ್ಟು 369 ವಾರ್ಡು. ಅಂದ್ರೆ ವಾರ್ಡ್ ಚಿಕ್ಕದಾಗಿದೆ, ಒಂದು ಬೆಳಿಗ್ಗೆ ನಡೆದು ನೋಡಬಹುದು. ನಡೀರಿ! ಓಟು ಕೇಳೋಕೆ ಬರೋರು ಜೀಪಿಂದ ಇಳಿದು ಬನ್ನಿ. ಮೆಟ್ರೊ ಬೇಡ, ಫ್ಲೈಓವರ್ ಬೇಡ, ನಮಗೆ ಫುಟ್‌ಪಾತ್ ಹೇಳಿ. ಯಾವ ರಸ್ತೆ? ಎಷ್ಟು ಅಗಲ? ಯಾವ ತಿಂಗಳು ಮುಗಿಯತ್ತೆ? ಬರೆದುಕೊಡಿ. ಬರೆದುಕೊಡದಿದ್ರೆ ನಮ್ಮ ಮನೇಲಿ ನಿಮಗೆ ಒಂದು ಓಟೂ ಇಲ್ಲ. ನಿಮ್ಮ ವಾರ್ಡಿನ ಫುಟ್‌ಪಾತ್ ಫೋಟೊ ಕಳಿಸಿ, ಮುಂದಿನ ವಾರ ಎಲ್ಲಾನೂ ತೋರಿಸ್ತೀನಿ.