ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೊರಡಿ

ಆತ್ಮೀಯ ಕೇಳುಗರೇ, ನಮಸ್ಕಾರ. ಕ್ರೈಸ್ತರ ಮೂಲ ನಂಬಿಕೆ ಏನು, ಸತ್ಯವೇದದಂತೆ, ಅಂದರೆ ಬೈಬಲಿನಂತೆ, ದಿನನಿತ್ಯ ನಡೆಯುವುದೆಂದರೆ ಹೇಗೆ ಎಂಬುದನ್ನು ಸರಳವಾಗಿ ಹೇಳಬೇಕೆಂದು ರೇಡಿಯೋ ನಿಲಯದವರು ನನ್ನನ್ನು ಕರೆದಿದ್ದಾರೆ. ನಲವತ್ತು ವರ್ಷ ಹಳ್ಳಿಯ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕನಾಗಿದ್ದವನು ನಾನು. ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಒಂದೇ ಮಾತು, ಇಂದೂ ಅದನ್ನೇ ಹೇಳುತ್ತೇನೆ: ನಿಮ್ಮ ಮೇಲೆ ಮುನಿಸಿಕೊಂಡವರ ಮನೆಗೆ ನೀವೇ ಮೊದಲು ಹೋಗಬೇಕು.

ನಂಬಿಕೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಲೋಕವನ್ನು ಉಂಟುಮಾಡಿದ ದೇವರು ನಮ್ಮ ತಂದೆ. ಮನುಷ್ಯನು ಪಾಪದಿಂದ ಆತನಿಗೆ ದೂರವಾದನು. ದೂರವಾದವನನ್ನು ಹುಡುಕಿಕೊಂಡು ದೇವರೇ ಯೇಸುಕ್ರಿಸ್ತನಲ್ಲಿ ಇಳಿದು ಬಂದನು. ಶಿಲುಬೆಯ ಮೇಲೆ ಪ್ರಾಣಕೊಟ್ಟು ಮೂರನೆಯ ದಿನ ಎದ್ದು ಬಂದನು. ರಕ್ಷಣೆ ಎಂಬುದು ನಾವು ದುಡಿದು ಪಡೆಯುವ ಕೂಲಿಯಲ್ಲ, ನಂಬಿದವನಿಗೆ ಕೃಪೆಯಿಂದ ಸಿಗುವ ವರ ಎಂದು ಮೊದಲ ಕಾಲದ ಬೋಧಕನಾದ ಪೌಲನು ಎಫೆಸ ಪಟ್ಟಣದ ವಿಶ್ವಾಸಿಗಳಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ತಿಳಿಸುತ್ತಾನೆ. ತಪ್ಪು ಮಾಡಿದವನೇ ಮೊದಲು ಬರಲಿ ಎಂದು ದೇವರು ಕಾದು ಕುಳಿತುಕೊಳ್ಳಲಿಲ್ಲ, ತಾನೇ ಹೊರಟು ಬಂದನು. ಇದನ್ನು ನಂಬುವವನು ತನ್ನ ಅಣ್ಣತಮ್ಮಂದಿರ ವಿಷಯದಲ್ಲಿ ಮಾತ್ರ ಕಾದು ಕುಳಿತುಕೊಳ್ಳುವುದು ಹೇಗೆ?

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ 23 ಮತ್ತು 24ನೆಯ ವಚನಗಳನ್ನು ನೋಡಿರಿ. ನೀನು ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನ ಸಂಗಡ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂದು ಯೇಸುಸ್ವಾಮಿ ಹೇಳುತ್ತಾರೆ. ‘ನಿನಗೆ ಅವನ ಮೇಲೆ ಸಿಟ್ಟಿದ್ದರೆ’ ಎಂದು ಇಲ್ಲಿ ಹೇಳಿಲ್ಲ, ‘ಅವನಿಗೆ ನಿನ್ನ ಮೇಲೆ ಇದ್ದರೆ’ ಎಂದು ಹೇಳಿದೆ. ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಅಯ್ಯನವರೇ, ಅವನೇ ಮುಖ ತಿರುಗಿಸಿಕೊಂಡು ಹೋಗುತ್ತಾನೆ ಎಂದು ಎಷ್ಟೋ ಜನ ನನ್ನ ಮುಂದೆ ಹೇಳಿದ್ದಾರೆ. ದಯವಿಟ್ಟು ಆ ವಚನವನ್ನು ಇನ್ನೊಮ್ಮೆ ಓದಿರಿ. ಅದು ಬರೆದಿರುವುದು ನಿಮಗಾಗಿಯೇ.

ಈ ಮಾತನ್ನು ಕೇಳಿದವರಲ್ಲಿ ಉತ್ತರದ ಗಲಿಲಾಯ ಸೀಮೆಯ ಜನರಿದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಅವರ ಊರುಗಳಿಂದ 100 ಕಿಲೋಮೀಟರಿಗೂ ಆಚೆ. ಅಷ್ಟು ದೂರ ದಿನಗಟ್ಟಲೆ ನಡೆದು ಬಂದವನು ಕಾಣಿಕೆಯನ್ನು ಅಲ್ಲಿಯೇ ಇಟ್ಟು, ಅದೇ ದಾರಿಯಲ್ಲಿ ಊರಿಗೆ ಹಿಂದಿರುಗಿ, ಸಹೋದರನೊಡನೆ ಒಂದಾಗಿ, ಮತ್ತೆ ಅಷ್ಟೂ ದೂರ ನಡೆದು ಬರಬೇಕು. ನಾವಾದರೋ ಪಕ್ಕದ ಓಣಿಗೆ ಹೋಗಲು ಕಾಲು ಎಳೆಯುತ್ತೇವೆ.

ನಾನು ಸೇವೆಗೆ ಸೇರಿದ ಎರಡನೆಯ ವರ್ಷ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಧಾರವಾಡ ಸೀಮೆಯ ಒಂದು ಹಳ್ಳಿ. ಊರಿನ ಹೆಸರು ಬೇಡ, ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇದ್ದಾರೆ. ಸಭೆಯ ಹಿರಿಯರೊಬ್ಬರಿಗೆ ಬೆನ್ನಿಗೆ ಬಿದ್ದ ತಮ್ಮನೊಬ್ಬನಿದ್ದನು. ಹೊಲ ಪಾಲಾದ ಮೇಲೆ ಬದುವಿನ ಜಗಳ ಹುಟ್ಟಿ, ಇಬ್ಬರೂ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಹಿರಿಯರ ಕಾಲದ ಪಡಸಾಲೆಯ ನಡುವೆ ಮಣ್ಣಿನ ಗೋಡೆ ಎದ್ದಿತ್ತು. ಆಚೆ ರೊಟ್ಟಿ ಬಡಿಯುವ ಸದ್ದು ಈಚೆಗೆ ಕೇಳುತ್ತಿತ್ತು, ಮಾತು ಮಾತ್ರ ದಾಟುತ್ತಿರಲಿಲ್ಲ. ಸುಗ್ಗಿಯ ಹಬ್ಬದ ಆರಾಧನೆಯಲ್ಲಿ ನಾನು ಇದೇ ವಚನಗಳನ್ನು ಓದಿದೆ. ಕಾಣಿಕೆಯ ಹೊತ್ತಿಗೆ ಆ ಹಿರಿಯರು ಹೊಸ ಜೋಳದ ಚೀಲವನ್ನು ಹೆಗಲಿನಿಂದ ಪವಿತ್ರ ಮೇಜಿನ ಮುಂದೆ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಾಗಿ, ‘ಅಯ್ಯನವರ, ಬದುವಿನ ಕಲ್ಲ ಸರಿಸಿದಾಂವ ನಾನ ರೀ’ ಎಂದರು. ಅಷ್ಟು ಹೇಳಿ, ಕೀರ್ತನೆ ನಡೆಯುತ್ತಿರುವಾಗಲೇ ಹೊರಗೆ ನಡೆದುಬಿಟ್ಟರು.

ತಮ್ಮನು ಆಗ ಎತ್ತುಗಳಿಗೆ ಮೇವು ಹಾಕುತ್ತಿದ್ದನಂತೆ. ಅಣ್ಣ ಹೇಳಿದ್ದನ್ನೆಲ್ಲ ಕೇಳಿದನು, ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡನು. ಮರುದಿನ ಹಿರಿಯರು ಹಾರೆ ತೆಗೆದುಕೊಂಡು ಒಬ್ಬರೇ ಹೊಲಕ್ಕೆ ಹೋಗಿ, ಕಲ್ಲನ್ನು ಕಿತ್ತು ಮೊದಲಿದ್ದ ಜಾಗದಲ್ಲಿ ನೆಟ್ಟು ಬಂದರು. ಚೀಲ ದೇವಾಲಯದಲ್ಲಿಯೇ ಉಳಿಯಿತು. ಇಲಿ ಕಡಿಯುತ್ತವೆ, ಹರಾಜು ಹಾಕಿಬಿಡೋಣ ಎಂದು ಕಮಿಟಿಯವರು ಒತ್ತಾಯಿಸಿದರು. ಕೊಡುವವರು ಇನ್ನೂ ಕೊಟ್ಟಿಲ್ಲ, ಇಟ್ಟು ಹೋಗಿದ್ದಾರೆ ಅಷ್ಟೇ ಎಂದು ನಾನು ಮುಟ್ಟಗೊಡಲಿಲ್ಲ. ಮೂರನೆಯ ಭಾನುವಾರ ತಮ್ಮನು ಬಂದು, ಹೊಸ್ತಿಲಿನ ಹೊರಗೆ ಚಪ್ಪಲಿ ಬಿಟ್ಟು ಅಲ್ಲಿಯೇ ನಿಂತನು. ಆರಾಧನೆ ಮುಗಿದು ಚೀಲವನ್ನು ತೂಕಕ್ಕೆ ಒಯ್ಯುವಾಗ ಒಂದು ತುದಿಯನ್ನು ಅಣ್ಣ ಹಿಡಿದಿದ್ದರು, ಇನ್ನೊಂದನ್ನು ತಮ್ಮ ಬಂದು ಹಿಡಿದನು. ಇಲಿ ಕಡಿದಲ್ಲಿ ಕಾಳು ಸೋರುತ್ತಿತ್ತು. ಆತನು ಅದನ್ನು ಅಂಗೈಯಿಂದ ಒತ್ತಿ ಹಿಡಿದು ನಡೆದನು. ಪಡಸಾಲೆಯ ಗೋಡೆ ಇನ್ನೂ ಎರಡು ವರ್ಷ ಹಾಗೆಯೇ ಇತ್ತು. ಅಣ್ಣ ಪ್ರತಿ ಭಾನುವಾರ ಗೋಡೆಯ ಆಚೆ ಹೋಗಿ ಚಹಾ ಕುಡಿದು ಬರುತ್ತಿದ್ದರು.

ನೆರೆಯವನ ಗಡಿಯ ಗುರುತನ್ನು ಸರಿಸಬಾರದೆಂದು ಸತ್ಯವೇದದ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಲ್ಲಿದೆ. ಆ ಹಿರಿಯರಿಗೆ ಅದು ಬಾಯಿಪಾಠವೇ ಆಗಿತ್ತು. ವಚನ ಬಾಯಲ್ಲಿದ್ದೂ ಕಲ್ಲು ಒಂಬತ್ತು ವರ್ಷ ತಪ್ಪು ಜಾಗದಲ್ಲಿತ್ತು ಎಂಬುದೇ ನನ್ನ ಚಿಂತೆ.

ಈ ಸಂಗತಿಗೆ ಹೆಚ್ಚು ಹೊತ್ತು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ದಿನವೂ ನಾವು ಕರ್ತನ ಪ್ರಾರ್ಥನೆಯಲ್ಲಿ ನಮ್ಮ ತಪ್ಪುಗಳ ಕ್ಷಮೆ ಕೇಳುತ್ತೇವೆ. ಮತ್ತಾಯನು ಬರೆದ ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಸಾಲ ಎಂದೇ ಅರ್ಥ. ಪ್ರಾರ್ಥನೆಯನ್ನು ಕಲಿಸಿ ಮುಗಿಸಿದ ಕೂಡಲೇ ಯೇಸುಸ್ವಾಮಿ ಮತ್ತೆ ವಿವರಿಸುವುದು ಈ ಒಂದೇ ಬಿನ್ನಹವನ್ನು. ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಸಾಮ್ಯದಲ್ಲಿ, ಅಂದರೆ ಯೇಸುಸ್ವಾಮಿ ಹೇಳಿದ ಕಥೆಯಲ್ಲಿ, ಅರಸನು ತನ್ನ ಆಳಿಗೆ ಮನ್ನಿಸಿದ ಸಾಲ 10,000 ತಲಾಂತು. ಆ ಆಳು ಜೊತೆಯವನ ಕುತ್ತಿಗೆ ಹಿಸುಕಿದ್ದು 100 ದಿನಾರಿಗಾಗಿ, ಅಂದರೆ ನೂರು ದಿನದ ಕೂಲಿಗಾಗಿ. ಒಂದು ತಲಾಂತು ಸುಮಾರು 6,000 ದಿನಾರಿಗೆ ಸಮ. ಲೆಕ್ಕ ನೀವೇ ಹಾಕಿ ನೋಡಿರಿ. ಬಾಯಿಮಾತಿನ ಕ್ಷಮೆಯೊಂದೇ ಸಾಲದು ಎಂಬುದನ್ನು ಲೂಕನ ಸುವಾರ್ತೆಯಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯನಿಂದ ಕಲಿಯಿರಿ: ಅನ್ಯಾಯವಾಗಿ ತೆಗೆದುಕೊಂಡದ್ದನ್ನು ಅವನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು.

ಯುರೋಪಿನಿಂದ ಬಂದ ಭೇದಗಳನ್ನು ಬದಿಗಿಟ್ಟು ಹಲವು ಸಭೆಗಳು 1947ರ ಸೆಪ್ಟೆಂಬರ್ 27ರಂದು ಒಂದಾಗಿ ನಮ್ಮ ದಕ್ಷಿಣ ಭಾರತ ಸಭೆಯಾಯಿತು. ಅದರ ಆರಾಧನಾ ಕ್ರಮದಲ್ಲಿ ಕಾಣಿಕೆಗೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಒಬ್ಬರ ಬಲ ಅಂಗೈಯನ್ನು ಇನ್ನೊಬ್ಬರು ಎರಡೂ ಕೈಗಳ ನಡುವೆ ಹಿಡಿಯುತ್ತಾರೆ. ಅಲ್ಲಿ ಪಕ್ಕದಲ್ಲಿ ಕುಳಿತವರ ಕೈ ಹಿಡಿಯುವುದು ಸುಲಭ. ಕೈ ಹಿಡಿಯಬೇಕಾದವರು ಆ ಸಾಲಿನಲ್ಲಿಯೇ ಇಲ್ಲದಿದ್ದರೆ ಏನು ಮಾಡುತ್ತೀರಿ?

ಇಂದು ಶನಿವಾರ. ನಾಳೆ ಬೆಳಿಗ್ಗೆ ದೇವಾಲಯದ ಗಂಟೆ ಬಾರಿಸುವುದಕ್ಕೆ ಇನ್ನೂ ಹನ್ನೆರಡು ತಾಸು ಇದೆ. ನಿಮ್ಮಲ್ಲಿ ಯಾರಿಗಾದರೂ ಈ ಹೊತ್ತಿನಲ್ಲಿ ಒಂದು ಮನೆಯ ಬಾಗಿಲು ನೆನಪಾಗಿದ್ದರೆ, ಮುಂದಿನ ಕಾರ್ಯಕ್ರಮಕ್ಕಾಗಿ ಕಾಯಬೇಡಿರಿ, ರೇಡಿಯೋ ಆರಿಸಿ ಹೊರಡಿರಿ. ನಮಸ್ಕಾರ.